ಗ್ರಂಥಾಲಯದ ಡಿವಿಡಿಯನ್ನು ಊರಿನವರಿಗೂ ತೋರಿಸಬಹುದೇ?

ಗ್ರಂಥಾಲಯಕ್ಕೆ ಕೊಂಡ ಸಿನಿಮಾ ಡಿವಿಡಿಯನ್ನು ಕಾಲೇಜಿನ ಸಭಾಂಗಣದಲ್ಲಿ ತೋರಿಸಬಹುದೇ, ಊರಿನವರನ್ನೂ ಕರೆಯಬಹುದೇ ಎಂದು ಕೇಳಿದ್ದೀರಿ. ಮೊದಲನೆಯದಕ್ಕೆ ಧಾರಾಳವಾಗಿ ಹೌದು. ಎರಡನೆಯದಕ್ಕೆ ಅನುಮತಿ ಬೇಕು. ನಾನು ಪದವಿ ಕಾಲೇಜೊಂದರ ಗ್ರಂಥಪಾಲಕ. ಈ ಪ್ರಶ್ನೆ ನನಗೂ ಎದುರಾಗಿತ್ತು.

ಡಿವಿಡಿ ಕೊಂಡಾಗ ನಮ್ಮದಾಗುವುದು ಆ ಡಿಸ್ಕ್ ಮಾತ್ರ. ಸಾರ್ವಜನಿಕರಿಗೆ ತೋರಿಸುವ ಹಕ್ಕು ಚಿತ್ರದ ಹಕ್ಕುದಾರರಲ್ಲೇ, ಸಾಮಾನ್ಯವಾಗಿ ನಿರ್ಮಾಪಕರಲ್ಲೇ, ಉಳಿದಿರುತ್ತದೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52(1)(ಜೆ) ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿದೆ. ಪ್ರದರ್ಶನ ಸಂಸ್ಥೆಯ ಚಟುವಟಿಕೆಯ ಭಾಗವಾಗಿರಬೇಕು. ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆತಾಯಿ, ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗಳಿಗೆ ಸಂಬಂಧಪಟ್ಟವರಷ್ಟೇ ಆಗಿರಬೇಕು. ಅಪ್ಪ ಅಮ್ಮಂದಿರನ್ನೂ ನೆನಪಿಟ್ಟು ಸೇರಿಸಿದ್ದಾರಲ್ಲ, ಅದು ನನಗೆ ಬಹಳ ಹಿಡಿಸುತ್ತದೆ. ಅಮೆರಿಕದಲ್ಲಿ ತರಗತಿಯ ಮುಖಾಮುಖಿ ಪಾಠಕ್ಕೆ ವಿನಾಯಿತಿ ಇದೆ; ಅದರಾಚೆಗಿನ ಪ್ರದರ್ಶನಗಳಿಗೆಂದು ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯಗಳು ಪ್ರದರ್ಶನ ಹಕ್ಕನ್ನು ಬೇರೆಯಾಗಿ ಕೊಳ್ಳುತ್ತವೆ.

ನಾಲ್ಕು ವರ್ಷಗಳ ಹಿಂದೆ ನಮ್ಮ ಸಿನಿಮಾ ಬಳಗದ ಹುಡುಗರು ಸಾಕ್ಷ್ಯಚಿತ್ರವೊಂದಕ್ಕೆ ಭಿತ್ತಿಪತ್ರ ಬರೆದು ತಂದರು. ಕೊನೆಯ ಸಾಲು, ನಮ್ಮ ಆಮಂತ್ರಣಗಳಲ್ಲಿ ವಾಡಿಕೆಯಾಗಿ ಇರುವಂತೆ, ‘ಸರ್ವರಿಗೂ ಆದರದ ಸ್ವಾಗತ’. ಆ ಮೂರು ಪದಗಳಿಂದ ವಿನಾಯಿತಿಯೇ ಕೈತಪ್ಪುತ್ತದೆ ಎಂದೆ. ಅವರ ಮುಖ ಬಾಡಿತು. ಚಿತ್ರ ಇದ್ದದ್ದೇ ಕೈಮಗ್ಗದವರ ಬದುಕಿನ ಬಗ್ಗೆ. ಕಾಲೇಜಿನ ಹಿಂದಿನ ಕೇರಿಯಲ್ಲಿರುವವರೆಲ್ಲ ನೇಕಾರರು. ಅವರನ್ನು ಗೇಟಿನ ಹೊರಗೆ ನಿಲ್ಲಿಸಲು ನನಗೂ ಮನಸ್ಸು ಬರಲಿಲ್ಲ. ಡಿವಿಡಿ ಪೆಟ್ಟಿಗೆಯ ಬೆನ್ನಿನ ಮೇಲಿದ್ದ ವಿಳಾಸಕ್ಕೆ ಇಮೇಲ್ ಕಳುಹಿಸಿದೆವು. ಮೂರನೆಯ ದಿನವೇ ನಿರ್ದೇಶಕಿಯ ಒಪ್ಪಿಗೆ ಬಂತು: ಟಿಕೆಟ್ ಇಡಬಾರದು, ಅಷ್ಟೇ ಷರತ್ತು. ಭಿತ್ತಿಪತ್ರದ ಆ ಸಾಲು ಹಾಗೆಯೇ ಉಳಿಯಿತು.

ಆ ಒಪ್ಪಿಗೆಯ ಪ್ರತಿಯನ್ನು ಮಡಚಿ ಡಿವಿಡಿಯ ಪೆಟ್ಟಿಗೆಯೊಳಗೇ ಇಟ್ಟಿದ್ದೇನೆ. ನಮ್ಮ ಗ್ರಂಥಾಲಯದ ತಂತ್ರಾಂಶವಾದ ಕೋಹಾದಲ್ಲಿ ಈ ಡಿವಿಡಿಗಿರುವ ದಾಖಲೆಯಲ್ಲೂ ಬಳಕೆಯ ನಿಬಂಧನೆಗಳಿಗೆಂದೇ ಇರುವ 540ನೇ ಫೀಲ್ಡಿನಲ್ಲಿ ಬರೆದಿದ್ದೇನೆ. ನಾಳೆ ನನ್ನ ಕುರ್ಚಿಗೆ ಬರುವವರಿಗೆ ಇದು ತಿಳಿಯಬೇಕಲ್ಲ.

ಒಟಿಟಿಯ ಲೆಕ್ಕವೇ ಬೇರೆ. ಅಲ್ಲಿ ಚಂದಾದಾರರು ಒಪ್ಪಿಕೊಂಡ ಕರಾರು ಇರುತ್ತದೆ, ಸಾಮಾನ್ಯವಾಗಿ ಅದು ಮನೆಬಳಕೆಗೆ ಮಾತ್ರ. ಪ್ರಾಧ್ಯಾಪಕರ ಸ್ವಂತ ಖಾತೆಯಿಂದ ಸಭಾಂಗಣದಲ್ಲಿ ತೋರಿಸಲು ಹೋಗಬೇಡಿ.

ಇನ್ನು ಮುಂದೆ ಸಾಕ್ಷ್ಯಚಿತ್ರ ಕೊಳ್ಳುವಾಗ ಸಂಸ್ಥೆಗಳ ದರ ಬೇರೆ ಇದೆಯೇ, ಅದರಲ್ಲಿ ಪ್ರದರ್ಶನದ ಹಕ್ಕು ಸೇರಿದೆಯೇ ಎಂದು ಆಗಲೇ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಈಗಿರುವ ಡಿವಿಡಿಗೆ ಅನುಮತಿ ಕೇಳುವ ಪತ್ರದಲ್ಲಿ ದಿನಾಂಕ, ಜಾಗ, ಎಷ್ಟು ಜನ ಬರಬಹುದು, ಪ್ರವೇಶ ಉಚಿತವೇ ಎಂಬ ನಾಲ್ಕೂ ವಿವರಗಳಿರಲಿ.