ಡ್ರ್ಯಾಗನ್‌ಲ್ಯಾನ್ಸ್: ನಡುವೆ ಬಿಟ್ಟುಹೋದ ಕಥೆ ಎಲ್ಲಿದೆ?

"ಕ್ರಾನಿಕಲ್ಸ್‌ನ ಮೊದಲ ಭಾಗ ಮುಗಿಸಿ ಎರಡನೆಯದು ತೆರೆದರೆ ನಡುವೆ ಏನೋ ಬಿಟ್ಟುಹೋದ ಹಾಗಿದೆ, ಪುಟ ಹಾರಿದೆಯಾ?" ಅಂತ ಕೇಳಿದ್ದೀರಿ. ಪುಟ ಹಾರಿಲ್ಲ, ಕಥೆಯೇ ಹಾರಿದೆ.

ಡ್ರ್ಯಾಗನ್‌ಲ್ಯಾನ್ಸ್ ಫ್ಯಾಂಟಸಿ ಕಾದಂಬರಿಗಳ ಈ ಕ್ರಾನಿಕಲ್ಸ್ ತ್ರಿವಳಿ (1984-85), ಆಟಗಾರರು ಪಾತ್ರಗಳಾಗಿ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ ಸಾಹಸ ಪುಸ್ತಿಕೆಗಳ ಜೊತೆಜೊತೆಗೇ ಬಂದದ್ದು. ಮೊದಲ ಕಾದಂಬರಿ ಮೊದಲೆರಡು ಪುಸ್ತಿಕೆಗಳನ್ನು ಹೆಚ್ಚುಕಡಿಮೆ ಹೆಜ್ಜೆ ಹೆಜ್ಜೆಗೂ ಹಿಂಬಾಲಿಸುತ್ತೆ. ಮುಂದಿನೆರಡು ಪುಸ್ತಿಕೆಗಳ ವಸ್ತು 'ಖರಾಸ್‌ನ ಸುತ್ತಿಗೆ' ಅನ್ನೋ ಮಾಂತ್ರಿಕ ಸುತ್ತಿಗೆಯ ಹುಡುಕಾಟ. ಎರಡನೇ ಕಾದಂಬರಿ ಅದನ್ನು ಪೂರ್ತಿ ದಾಟಿ, ಸುತ್ತಿಗೆ ಸಿಕ್ಕಾದ ಮೇಲೆ ಶುರುವಾಗುತ್ತೆ. ಆ ಭಾಗ ಕೊನೆಗೆ 2006ರಲ್ಲಿ 'ಡ್ರ್ಯಾಗನ್ಸ್ ಆಫ್ ದ ಡ್ವಾರ್ವನ್ ಡೆಪ್ತ್ಸ್' ಆಗಿ ಬಂತು. ಈಗಲೇ ಅದನ್ನು ನಡುವೆ ತುರುಕಬೇಡಿ, ಓಟ ಕೆಡುತ್ತೆ. ಮೂರೂ ಮುಗಿಸಿ, 1986ರ ಲೆಜೆಂಡ್ಸ್ ತ್ರಿವಳಿ ಓದಿ, ಆಮೇಲೆ ಬೇಕಿದ್ದರೆ ನೋಡಿ. ನನ್ನ ಮಟ್ಟಿಗೆ ಲೆಜೆಂಡ್ಸೇ ಮೇಲು: ಪಾತ್ರಗಳು ಕಮ್ಮಿ, ಆಟದ ನಕ್ಷೆಯ ಹಂಗೂ ಇಲ್ಲ.

"ಆಟ ಆಡಿದ ವರದಿ ಥರ ಇದೆ" ಅನ್ನೋ ದೂರು ಅರ್ಧ ನಿಜ. ಮೊದಲ ಕಾದಂಬರಿಯ ಝಾಕ್ ಸರಾತ್ ಪಾಳು ನಗರ ನೋಡಿ: ಸರಪಳಿಗೆ ಕಟ್ಟಿದ ಎರಡು ದೈತ್ಯ ಕಬ್ಬಿಣದ ಹಂಡೆಗಳು, ಬಾವಿಯ ರಾಟೆ ಹಾಗೆ ಒಂದು ಇಳಿದರೆ ಇನ್ನೊಂದು ಏರುತ್ತೆ. ಅಪ್ಪಟ ಆಟದ ಒಗಟು, ಆದರೂ ಮಜಾ ಇದೆ. ಮಂತ್ರವಾದಿ ರೇಸ್ಟ್‌ಲಿನ್ ಮಂತ್ರ ಹಾಕಿದ ತಕ್ಷಣ ಅದನ್ನು ಮರೆಯೋದೂ ಆಟದ ನಿಯಮವೇ. ಕಾದಂಬರಿಯಲ್ಲಿ ಅದೇ ಅವನ ಕೆಮ್ಮು, ಸುಸ್ತಿನ ಜೊತೆ ಸೇರಿ ಪಾತ್ರದ ಜೀವಾಳವಾಗುತ್ತೆ. ನಿಯಮ ಗೊತ್ತಿಲ್ಲದಿದ್ದರೂ ಅದು ತಟ್ಟುತ್ತೆ.