ಫೋಕಸ್ಸಿನಲ್ಲಿ ಇಲ್ಲದ ಭಟ್ಟರು

ಕೊಪ್ಪ ತಾಲೂಕಿನ ಓದುಗರೊಬ್ಬರ ಪತ್ರ: "ಮೂವತ್ತು ವರ್ಷದಿಂದ ಸಿ ದರ್ಜೆಯ (ಕಡಿಮೆ ಆದಾಯದ) ಮುಜರಾಯಿ ದೇವಸ್ಥಾನದಲ್ಲಿ ಪೂಜೆ ಮಾಡಿಕೊಂಡಿದ್ದೇನೆ. ರಾತ್ರಿ ಮನೆಯಲ್ಲಿ ಧಾರಾವಾಹಿ ಹಾಕುತ್ತಾರೆ. ಅದರಲ್ಲಿ ಬರುವ ಪುರೋಹಿತ ಒಂದೋ ಹೊಟ್ಟೆಬಾಕ, ಇಲ್ಲವೇ ದಕ್ಷಿಣೆಗೆ ಬಾಯಿ ಬಿಡುವವ. ಮೊಮ್ಮಗ ನನ್ನ ಮುಖ ನೋಡಿ ನಗುತ್ತಾನೆ. ಇದೆಲ್ಲ ಶುರುವಾದದ್ದು 'ಸಂಸ್ಕಾರ'ದಿಂದ. ಪಾದ್ರಿ, ಮೌಲ್ವಿಗಳನ್ನು ಮಾತ್ರ ಒಳ್ಳೆಯವರಾಗಿ ತೋರಿಸುತ್ತಾರೆ. ನಿಮ್ಮ ಪತ್ರಿಕೆಯೂ ಅಂಥವನ್ನೇ ಹೊಗಳುತ್ತದೆ."

ಭಟ್ಟರೇ,

ಮೊಮ್ಮಗ ನಕ್ಕ ವಿಷಯ ಓದಿ ನನಗೂ ಪಿಚ್ಚೆನಿಸಿತು. ಆ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು 'ಸಂಸ್ಕಾರ'ದ ಮೇಲೆ ನೀವು ಹೊರಿಸಿದ ಆರೋಪಕ್ಕೆ.

1970ರ ಆ ಚಿತ್ರವನ್ನು ಸೆನ್ಸಾರ್‌ನವರೂ ಮೊದಲು ತಡೆದಿದ್ದರು. ಆಮೇಲೆ ಅದೇ ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಪ್ರಶಸ್ತಿ ಹಾಗಿರಲಿ, ಅದರ ನಾಯಕ ಪ್ರಾಣೇಶಾಚಾರ್ಯನನ್ನು ಸ್ವಲ್ಪ ನೋಡಿ. ಹಾಸಿಗೆ ಹಿಡಿದ ಹೆಂಡತಿಯ ಸೇವೆ ಅವನದೇ. ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪನ ಹೆಣ ಬಿದ್ದಿದೆ, ಸಂಸ್ಕಾರ ಆಗದೆ ಯಾರೂ ಊಟ ಮಾಡುವಂತಿಲ್ಲ, ಮಾಡಬೇಕಾದವರು ಯಾರೆಂದು ತೀರ್ಮಾನವಾಗುತ್ತಿಲ್ಲ. ಗ್ರಂಥಗಳಲ್ಲಿ ಉತ್ತರ ಸಿಗದೆ ಅನಂತಮೂರ್ತಿಯವರ ಕಾದಂಬರಿಯಿಂದ ಬಂದ ಈ ಆಚಾರ್ಯ ಮಾರುತಿಯ ಗುಡಿಗೆ ಹೋಗಿ ಪ್ರಸಾದ ಕೇಳುತ್ತಾನೆ. ಹೂವು ಎಡಕ್ಕೆ ಬೀಳುತ್ತದೋ ಬಲಕ್ಕೋ ಎಂದು ಹಸಿದ ಹೊಟ್ಟೆಯಲ್ಲಿ ಕಾದು ಕೂರುತ್ತಾನೆ. ಹೂವು ಬೀಳುವುದೇ ಇಲ್ಲ. ದೇವರ ಮುಂದೆ ಹಾಗೆ ಕಾಯುವುದು ಏನೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಇವನನ್ನು ನೋಡಿ ಯಾವ ಮೊಮ್ಮಗನೂ ನಗುವುದಿಲ್ಲ. ಆಮೇಲೆ ಅವನು ಜಾರುತ್ತಾನೆ, ನಿಜ. ಆದರೆ ಜಾರುವುದಕ್ಕೂ ಒಬ್ಬ ಮನುಷ್ಯ ಇರಬೇಕಲ್ಲ!

ಧಾರಾವಾಹಿಯಲ್ಲಿ ಇಲ್ಲದಿರುವುದು ಆ ಮನುಷ್ಯನೇ. ಒಮ್ಮೆ ಬೆಂಗಳೂರಿನ ಹೊರಗೆ ಒಂದು ಶೂಟಿಂಗ್ ನೋಡಲು ಹೋಗಿದ್ದೆ. ಮದುವೆ ದೃಶ್ಯ. ಪುರೋಹಿತನ ಪಾತ್ರಧಾರಿಯ ಜನಿವಾರ ಬಲ ಹೆಗಲ ಮೇಲಿತ್ತು. ಮದುವೆ ಮಂಟಪದಲ್ಲಿ ಅಪಸವ್ಯ, ಶ್ರಾದ್ಧದಲ್ಲಿ ಹಾಕಿಕೊಳ್ಳುವ ಹಾಗೆ! ತಡೆಯಲಾರದೆ ಪಕ್ಕದಲ್ಲಿದ್ದ ಸಹಾಯಕ ನಿರ್ದೇಶಕನ ಕಿವಿಗೆ ಹಾಕಿದೆ. "ಬಿಡಿ ಸಾರ್, ಫೋಕಸ್ ಎಲ್ಲಾ ಹುಡುಗಿ ಮೇಲಿರತ್ತೆ" ಅಂದ. ಸಿಟ್ಟು ಬರಲಿಲ್ಲ, ಹುಡುಗ ಇದ್ದದ್ದನ್ನೇ ಹೇಳಿದ್ದ. ಪುರೋಹಿತ ಅಲ್ಲಿ ಬಾಳೆಕಂದು, ತೋರಣದ ಜೊತೆಗಿನ ಇನ್ನೊಂದು ಸಾಮಾನು. ಸಾಮಾನಿಗೆ ಮಾತು ಕೊಡಬೇಕಾಗಿ ಬಂದಾಗ ಬರೆಯುವವನಿಗೆ ಹೊಳೆಯುವುದು ಲಡ್ಡು ಮತ್ತು ದಕ್ಷಿಣೆ, ಅಷ್ಟೇ.

ಆ ದಕ್ಷಿಣೆಯ ಲೆಕ್ಕವನ್ನಾದರೂ ಯಾರಾದರೂ ಸರಿಯಾಗಿ ತೋರಿಸಿದ್ದಾರೆಯೇ? ಸಿ ದರ್ಜೆಯ ದೇವಸ್ಥಾನಗಳ ತಸ್ತೀಕನ್ನು, ಅಂದರೆ ಪೂಜೆಗೆಂದು ಸರ್ಕಾರ ಕೊಡುವ ಹಣವನ್ನು, ವರ್ಷಕ್ಕೆ 72 ಸಾವಿರಕ್ಕೆ ಏರಿಸುವುದಾಗಿ 2025ರ ರಾಜ್ಯ ಬಜೆಟ್‌ನಲ್ಲಿ ಹೇಳಿದರು. ತಿಂಗಳಿಗೆ 6 ಸಾವಿರ. ಅದೇ ಬಜೆಟ್‌ನಲ್ಲಿ ಮಸೀದಿಯ ಇಮಾಮರಿಗೆ ಹೇಳಿದ ಗೌರವಧನವೂ ತಿಂಗಳಿಗೆ 6 ಸಾವಿರವೇ. ತೆರೆಯ ಮೇಲೆ ಇವರಿಬ್ಬರೂ ಅಕ್ಕಿಯ ರೇಟು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಪಾದ್ರಿ, ಮೌಲ್ವಿಗಳು ಒಳ್ಳೆಯವರಾಗಿ ಕಾಣುತ್ತಾರೆ ಅಂದಿರಿ. ನನ್ನ ಕಣ್ಣಿಗೆ ಅವರೂ ಸಾಮಾನುಗಳೇ. ಮೌಲ್ವಿ ನವಿಲುಗರಿ ಬೀಸಿ ತಾಯತ ಕಟ್ಟಿ ಮರೆಯಾಗುತ್ತಾನೆ. ಬಾಂಗ್ (ನಮಾಜಿನ ಕರೆ) ಕೊಡುವವನೂ ಅವನೇ, ನಮಾಜ್ ಮಾಡಿಸುವವನೂ ಅವನೇ! ಸಾಮಾನ್ಯವಾಗಿ ಅವೆರಡೂ ಬೇರೆ ಬೇರೆಯವರ ಕೆಲಸ ಎಂಬುದು ಇವರಿಗೆ ಬೇಕಿಲ್ಲ. ಪಾದ್ರಿ ಬಿಳಿ ನಿಲುವಂಗಿಯಲ್ಲಿ "ಮೈ ಚೈಲ್ಡ್" ಎಂದು ತಲೆ ಸವರುತ್ತಾನೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಕಥೋಲಿಕ ಪಾದ್ರಿ ಪ್ರಾಣ ಹೋದರೂ ಬಾಯಿ ಬಿಡುವಂತಿಲ್ಲ. ಎಂಥ ಸಂಕಟ ಅದು! ನಮ್ಮ ಸಿನಿಮಾದವರಿಗೆ ಅದು ಬೇಕಾಗಿಲ್ಲ, ಮೇಣದಬತ್ತಿ ಉರಿದರೆ ಸಾಕು.

ಟೀಕೆ ನಿಮ್ಮವರಿಗೆ ಮಾತ್ರ ಎಂಬುದೂ ಪೂರ್ತಿ ನಿಜವಲ್ಲ. ಬಾನು ಮುಷ್ತಾಕರ ಕತೆಯಿಂದ ನಿರ್ದೇಶಕ ಗಿರೀಶ ಕಾಸರವಳ್ಳಿಯವರು 2004ರಲ್ಲಿ ಮಾಡಿದ 'ಹಸೀನಾ'ದಲ್ಲಿ, ಗಂಡ ಬಿಟ್ಟುಹೋದ ಹೆಂಗಸು ಮಸೀದಿಯ ಆಡಳಿತ ನೋಡುವ ಮುತವಲ್ಲಿಯಿಂದ ನ್ಯಾಯ ಕೇಳುತ್ತಾಳೆ. ಇನ್ನು ಒಳ್ಳೆಯ ಭಟ್ಟರನ್ನು ತೋರಿಸಿಲ್ಲವೆಂದರೆ, 1990ರ 'ಸಂತ ಶಿಶುನಾಳ ಶರೀಫ'ದ ಗೋವಿಂದಭಟ್ಟರನ್ನು ಮರೆತಿರಾ? ಮುಸ್ಲಿಂ ಹುಡುಗನನ್ನು ಶಿಷ್ಯನಾಗಿ ಒಪ್ಪಿಕೊಂಡು ಊರ ಬ್ರಾಹ್ಮಣರನ್ನು ಎದುರು ಹಾಕಿಕೊಂಡವರು. ಆ ಪಾತ್ರ ಮಾಡಿದವರು ಗಿರೀಶ ಕಾರ್ನಾಡ. ಇಪ್ಪತ್ತು ವರ್ಷ ಹಿಂದೆ ಪ್ರಾಣೇಶಾಚಾರ್ಯನಾಗಿ ಹೂವಿಗೆ ಕಾದವರೂ ಅವರೇ.

ಹಾಗಾಗಿ 'ಸಂಸ್ಕಾರ'ವನ್ನು ಹೊಗಳುವುದನ್ನು ನಾವು ಬಿಡುವುದಿಲ್ಲ. ಧಾರಾವಾಹಿಯ ಹೊಟ್ಟೆಬಾಕನನ್ನು ಬೈಯುವುದರಲ್ಲಿ ಮಾತ್ರ ಹಿಂದೆ ಬಿದ್ದಿದ್ದೇವೆ, ಅದು ನಮ್ಮ ತಪ್ಪೇ. ನೀವೊಂದು ಕೆಲಸ ಮಾಡಿ. ಬೆಳಗ್ಗೆ ಬಾಗಿಲು ತೆಗೆಯುವುದರಿಂದ ರಾತ್ರಿ ದೀಪ ಶಾಂತ ಮಾಡುವವರೆಗಿನ ನಿಮ್ಮ ಒಂದು ದಿನವನ್ನು, ಎಣ್ಣೆಯ ಖರ್ಚು ಸಮೇತ, ಬರೆದು ಕಳಿಸಿ. ಎರಡು ಪುಟ ಬಿಟ್ಟಿರುತ್ತೇನೆ. ಟೈಪ್ ಮಾಡುವುದು ಕಷ್ಟವಾದರೆ ಆ ಮೊಮ್ಮಗನನ್ನೇ ಕೂರಿಸಿಕೊಳ್ಳಿ.

– ಸಂ.