ಟ್ಯಾಂಪಾಕ್ಕೆ ಹೊಸದಾಗಿ ಬರುವ ಕುಟುಂಬ ಹರಿಕೇನ್ ಸೀಸನ್‌ಗೆ ಹೇಗೆ ಸಿದ್ಧವಾಗಬೇಕು?

ನೀವು ಕೊಟ್ಟಿರುವ ವಿವರ ಇಷ್ಟು: ಜೂನ್ ಮೊದಲ ವಾರ ಬೆಂಗಳೂರಿನಿಂದ ಫ್ಲೋರಿಡಾದ ಟ್ಯಾಂಪಾಕ್ಕೆ ಬರುತ್ತಿದ್ದೀರಿ. ಎಚ್-1ಬಿ ವೀಸಾ, ಬಾಡಿಗೆ ಮನೆ ಇನ್ನೂ ಗೊತ್ತಾಗಿಲ್ಲ. ಬೆಂಗಳೂರಲ್ಲೇ ಹುಟ್ಟಿದ ನಾಲ್ಕು ವರ್ಷದ ಮಗಳಿದ್ದಾಳೆ. ಆಗಸ್ಟ್‌ನಲ್ಲಿ ಅತ್ತೆ-ಮಾವ ಬರುವವರಿದ್ದಾರೆ, ಮಾವನವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಕೊನೆಯಲ್ಲಿ, "ಕ್ಯಾಟಗರಿ 3ರವರೆಗೆ ಮನೆಯಲ್ಲೇ ಇರಬಹುದು ಅಂತ ಸಹೋದ್ಯೋಗಿ ಹೇಳಿದರು, ನಿಜವೇ?" ಎಂದು ಕೇಳಿದ್ದೀರಿ. ನಾನು ಟ್ಯಾಂಪಾ ಕೊಲ್ಲಿಯ ಈಚೆ ದಡದಲ್ಲಿ ಸಂಸಾರ ಸಮೇತ ಇದ್ದೇನೆ. ಇಯಾನ್, ಹೆಲೀನ್, ಮಿಲ್ಟನ್ ಮೂರೂ ಹರಿಕೇನ್‌ಗಳು ಬಂದಾಗ ಇಲ್ಲೇ ಇದ್ದೆ. ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ.

ನಿಜವಲ್ಲ. ಕ್ಯಾಟಗರಿ ಎನ್ನುವುದು ಗಾಳಿಯ ವೇಗದ ಲೆಕ್ಕ ಮಾತ್ರ. ಗಂಟೆಗೆ 74 ಮೈಲಿ ಮುಟ್ಟಿದರೆ 1, 111 ದಾಟಿದರೆ 3, 157 ದಾಟಿದರೆ 5. ಕಡಲು ಎಷ್ಟು ಉಕ್ಕಿ ಬರುತ್ತದೆ, ಮಳೆ ಎಷ್ಟು ಸುರಿಯುತ್ತದೆ ಎನ್ನುವುದಕ್ಕೆ ಅದರಲ್ಲಿ ಜಾಗವೇ ಇಲ್ಲ. ಇಲ್ಲಿ ಜನರ ಪ್ರಾಣ ಹೆಚ್ಚಾಗಿ ತೆಗೆಯುವುದೋ ನೀರು. 2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ದಡ ಮುಟ್ಟಿದ್ದು ಪೆರ್ರಿ ಎಂಬ ಊರಿನ ಹತ್ತಿರ. ಟ್ಯಾಂಪಾದಿಂದ ಅದು ನೂರು ಮೈಲಿಗೂ ದೂರ. ನಮ್ಮ ಬೀದಿಯಲ್ಲಿ ಒಂದೆರಡು ಕೊಂಬೆ ಮುರಿದಿದ್ದು ಬಿಟ್ಟರೆ ಗಾಳಿಯದ್ದೇನೂ ದೊಡ್ಡ ಕಥೆಯಿಲ್ಲ. ಆದರೆ ಕೊಲ್ಲಿಯ ನೀರು ಕೆಲವು ಕಡೆ ಏಳು ಅಡಿಯವರೆಗೆ ಏರಿತು, ಅಷ್ಟು ಎತ್ತರ ಇಲ್ಲಿನ ಮಾಪಕಗಳಲ್ಲಿ ಹಿಂದೆ ದಾಖಲಾಗಿರಲಿಲ್ಲ. ಆಚೆ ದಡದ ಪಿನೆಲಸ್ ಕೌಂಟಿಯಲ್ಲಿ ಮನೆಯೊಳಗೇ ಮುಳುಗಿ ಸತ್ತವರಿದ್ದಾರೆ. ಅದೇ ಹೆಲೀನ್ ಮುಂದೆ ಹೋಗಿ, ಸಮುದ್ರವೇ ಕಾಣದ ನಾರ್ತ್ ಕೆರೊಲಿನಾದ ಆಶ್‌ವಿಲ್ ಬೆಟ್ಟಸೀಮೆಯನ್ನು ಮಳೆಯಲ್ಲಿ ಕೊಚ್ಚಿಹಾಕಿತು.

ಹಾಗಾಗಿ ಮನೆ ಹುಡುಕುವಾಗಲೇ ಒಂದು ಕೆಲಸ ಮಾಡಿ. ಎಲ್ಲರೂ ಶಾಲೆಯ ರೇಟಿಂಗ್ ನೋಡುತ್ತಾರೆ, ನೀವು ಅದರ ಜೊತೆ ಎವ್ಯಾಕ್ಯುಯೇಷನ್ ಝೋನನ್ನೂ ನೋಡಿ. ಟ್ಯಾಂಪಾ ಇರುವ ಹಿಲ್ಸ್‌ಬರೋ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಎ ಯಿಂದ ಇ ವರೆಗೆ ಒಂದು ಅಕ್ಷರ ಬರುತ್ತದೆ, ಇಲ್ಲವೇ ಯಾವ ಝೋನೂ ಅಲ್ಲ ಎಂದು ಬರುತ್ತದೆ. ಎ ಮೊದಲು ಖಾಲಿ ಮಾಡಬೇಕಾದ ಜಾಗ. ದಕ್ಷಿಣ ಟ್ಯಾಂಪಾದಲ್ಲಿ ಎ, ಬಿ ಹೆಚ್ಚು. ನಮ್ಮವರು ಹೆಚ್ಚಾಗಿರುವ ನ್ಯೂ ಟ್ಯಾಂಪಾ, ವೆಸ್ಲಿ ಚಾಪೆಲ್ ಕಡೆ ಬಹುಪಾಲು ಝೋನಿನ ಹೊರಗಿದೆ. ಆದರೂ ಏಜೆಂಟರ ಮಾತು ನಂಬಬೇಡಿ, ಆ ಮನೆ ಯಾವ ಕೌಂಟಿಯಲ್ಲಿದೆಯೋ ಅದರ ಸೈಟಿನಲ್ಲಿ ಮನೆಯ ವಿಳಾಸವನ್ನೇ ಹಾಕಿ ನೋಡಿ. ಇನ್ನೊಂದು ಗೊಂದಲವಿದೆ: ಇನ್ಶೂರೆನ್ಸಿನವರು ಹೇಳುವ ಫ್ಲಡ್ ಝೋನ್ ಬೇರೆ, ಅದರಲ್ಲಿ ಎಕ್ಸ್, ಎಇ, ವಿಇ ಅಂತ ಹೆಸರುಗಳು. "ನಮ್ಮದು ಎಕ್ಸ್, ಏನೂ ಆಗಲ್ಲ" ಎನ್ನುವವರು ಎವ್ಯಾಕ್ಯುಯೇಷನ್ ಬಿ ಯಲ್ಲಿ ಇರಬಹುದು. ಎರಡನ್ನೂ ಬೇರೆಬೇರೆ ನೋಡಿ.

ಮನೆ ಗೊತ್ತಾದ ದಿನವೇ ಗಂಡ-ಹೆಂಡತಿ ಕೂತು ತೀರ್ಮಾನ ಮಾಡಿಬಿಡಿ: ಕೌಂಟಿಯವರು ನಮ್ಮ ಝೋನಿನ ಅಕ್ಷರ ಕರೆದರೆ ಹೊರಡುವುದು, ಕರೆಯದಿದ್ದರೆ ಮನೆಯಲ್ಲೇ ಇರುವುದು. ಬಿರುಗಾಳಿ ಮೆಕ್ಸಿಕೋ ಕೊಲ್ಲಿಯಲ್ಲಿ ಸುತ್ತುತ್ತಿರುವಾಗ, ಟಿವಿ ಕೂಗುತ್ತಿರುವಾಗ, ಊರಿಂದ ಚಿಕ್ಕಮ್ಮ ಫೋನ್ ಮಾಡಿ ಅಳುತ್ತಿರುವಾಗ ಈ ಚರ್ಚೆಗೆ ಕೂತರೆ ಮುಗಿಯುವುದಿಲ್ಲ. ಎಲ್ಲಿಗೆ ಹೋಗುವುದು ಎನ್ನುವುದೂ ಈಗಲೇ ಗೊತ್ತಾಗಿರಲಿ. ಅಟ್ಲಾಂಟಾಕ್ಕೆ ಓಡಬೇಕಿಲ್ಲ. ಉಕ್ಕುವ ನೀರಿನಿಂದ ತಪ್ಪಿಸಿಕೊಳ್ಳಲು ಒಳನಾಡಿನ ಕಡೆ ಹತ್ತಿಪ್ಪತ್ತು ಮೈಲಿ ಹೋದರೆ ಸಾಮಾನ್ಯವಾಗಿ ಸಾಕು, ಇಲ್ಲಿನ ಅಧಿಕಾರಿಗಳು ಹೇಳುವುದೂ ಅದನ್ನೇ. 2005ರಲ್ಲಿ ರೀಟಾ ಬರುತ್ತದೆಂದು ಹ್ಯೂಸ್ಟನ್ ಕಡೆಯಿಂದ ಲಕ್ಷಾಂತರ ಜನ ಒಟ್ಟಿಗೆ ಹೊರಟು, ಬಿಸಿಲಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು, ಆ ಓಟದಲ್ಲೇ ನೂರರಷ್ಟು ಜನ ಸತ್ತರು. ಝೋನಿನ ಹೊರಗಿರುವ, ಗಟ್ಟಿ ಮನೆಯ ಸ್ನೇಹಿತರೊಬ್ಬರನ್ನು ಜುಲೈನಲ್ಲೇ ಕೇಳಿಟ್ಟುಕೊಳ್ಳಿ. ಕನ್ನಡ ಕೂಟದ ವಾಟ್ಸಾಪ್ ಗುಂಪು ಸೇರಿದರೆ ಇದು ಕಷ್ಟವಾಗುವುದಿಲ್ಲ. ಯಾರೂ ಸಿಗದಿದ್ದರೆ ಕೌಂಟಿಯ ಶೆಲ್ಟರ್ ಇದ್ದೇ ಇದೆ, ಹೆಚ್ಚಾಗಿ ಶಾಲೆಯ ಕಟ್ಟಡಗಳು. ಹಾಸಿಗೆ, ಹೊದಿಕೆ ನಾವೇ ಒಯ್ಯಬೇಕು. ಒಂದು ವೇಳೆ ಮೊಬೈಲ್ ಹೋಮ್ (ಟ್ರೇಲರಿನಂಥ ಹಗುರ ಮನೆ) ಬಾಡಿಗೆಗೆ ಹಿಡಿದಿದ್ದರೆ ಝೋನ್ ಯಾವುದೇ ಇರಲಿ, ಹೊರಡಲೇಬೇಕು.

ಇನ್ನು ದುಡ್ಡಿನ ವಿಷಯ. ಹೊಸಬರು ಎಡವುವುದು ಇಲ್ಲೇ. ಬಾಡಿಗೆದಾರರ ಇನ್ಶೂರೆನ್ಸ್ ಪ್ರವಾಹದ ನಷ್ಟ ಕೊಡುವುದಿಲ್ಲ. ಅದಕ್ಕೆ ಸರ್ಕಾರಿ ಫ್ಲಡ್ ಇನ್ಶೂರೆನ್ಸ್ ಬೇರೆ ಮಾಡಿಸಬೇಕು. ಬಾಡಿಗೆದಾರರು ಸಾಮಾನುಗಳಿಗಷ್ಟೇ ಮಾಡಿಸಬಹುದು, 1 ಲಕ್ಷ ಡಾಲರ್‌ವರೆಗೆ. ಆದರೆ ಸಾಮಾನ್ಯವಾಗಿ ದುಡ್ಡು ಕಟ್ಟಿದ 30 ದಿನದ ನಂತರವೇ ಅದು ಜಾರಿಗೆ ಬರುತ್ತದೆ. ಸೀಸನ್ ಜೂನ್ 1ರಿಂದ ನವೆಂಬರ್ 30ರವರೆಗೆ, ಉತ್ತುಂಗ ಸೆಪ್ಟೆಂಬರ್ 10ರ ಆಸುಪಾಸು. ಮನೆಗೆ ಕಾಲಿಟ್ಟ ವಾರವೇ ಮಾಡಿಸಿದರೆ ಗಣೇಶನ ಹಬ್ಬದ ಹೊತ್ತಿಗೆ ನಿಶ್ಚಿಂತೆ. ಕಾರಿಗೆ ಕಾಂಪ್ರಹೆನ್ಸಿವ್ ಇರಲಿ, ನೀರು ನುಗ್ಗಿದರೆ ಅದೊಂದೇ ಗತಿ. ಬಿರುಗಾಳಿ ಹತ್ತಿರ ಬಂದಮೇಲೆ ಕಂಪನಿಗಳು ಹೊಸ ಪಾಲಿಸಿ ಬರೆಯುವುದನ್ನು ನಿಲ್ಲಿಸಿಬಿಡುತ್ತವೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಎಚ್-1ಬಿಯಲ್ಲಿರುವವರಿಗೆ ಅಮೆರಿಕದ ವಿಪತ್ತು ನೆರವಿನ ಸರ್ಕಾರಿ ಸಂಸ್ಥೆ ಫೀಮಾದ ನಗದು ನೆರವು ಸಿಗುವುದಿಲ್ಲ. ಶೆಲ್ಟರ್, ಊಟ, ನೀರು ಯಾರಿಗಾದರೂ ಕೊಡುತ್ತಾರೆ, ಮನೆ ಸಾಮಾನಿಗೆ ಹಣ ಕೊಡುವುದಿಲ್ಲ. ಅಮೆರಿಕದಲ್ಲಿ ಹುಟ್ಟಿದ ಮಗುವಿದ್ದರೆ ಮಗುವಿನ ಪರವಾಗಿ ಅರ್ಜಿ ಹಾಕಬಹುದಿತ್ತು, ನಿಮ್ಮ ಮಗಳಿಗೆ ಅದೂ ಅನ್ವಯಿಸದು. ಪಾಸ್‌ಪೋರ್ಟ್, ಐ-797 (ಎಚ್-1ಬಿ ಮಂಜೂರಾತಿ ಪತ್ರ), ಮಗಳ ಜನನ ಪತ್ರ, ಮದುವೆ ಸರ್ಟಿಫಿಕೇಟ್, ಬಾಡಿಗೆ ಕರಾರು ಎಲ್ಲವನ್ನೂ ಜಿಪ್‌ಲಾಕ್ ಚೀಲದಲ್ಲಿ ಹಾಕಿ ಒಂದೇ ಬ್ಯಾಗಿನಲ್ಲಿಡಿ, ಅದು ಯಾವಾಗಲೂ ಒಂದೇ ಕಡೆ ಇರಲಿ. ವೀಸಾ ಸ್ಟಾಂಪಿರುವ ಪಾಸ್‌ಪೋರ್ಟ್ ನೀರುಪಾಲಾದರೆ ಹೊಸದಕ್ಕೆ ಅಲೆಯುವುದು, ಮತ್ತೆ ಸ್ಟಾಂಪಿಂಗ್, ಅದೊಂದು ಬೇರೆಯೇ ಚಂಡಮಾರುತ. ಜೊತೆಗೆ ಫೋನ್ ಹಿಡಿದು ಮನೆಯೆಲ್ಲ ಓಡಾಡಿ ಒಂದು ವಿಡಿಯೋ ತೆಗೆದಿಡಿ. ಬೀರು, ಅಡುಗೆಮನೆ ಡ್ರಾಯರ್ ಸಹ ತೆರೆದು ತೋರಿಸಿ. ಕ್ಲೇಮ್ ಹಾಕುವಾಗ ಉಪಯೋಗಕ್ಕೆ ಬರುತ್ತದೆ.

ಮನೆಯ ಮಾಲೀಕರನ್ನು ಕರಾರಿಗೆ ಮುಂಚೆ ಕೇಳಬೇಕಾದ್ದು: ಕಿಟಕಿ ಇಂಪ್ಯಾಕ್ಟ್ ಗಾಜಿನದೋ (ಹಾರಿಬಂದ ವಸ್ತು ಬಡಿದರೂ ತಾಳುವಂಥದ್ದು) ಅಥವಾ ಕಿಟಕಿಗೆ ಹೊರಗಿನಿಂದ ಮುಚ್ಚುವ ಶಟರ್ ಪ್ಯಾನೆಲ್ ಇವೆಯೋ? ಪ್ಯಾನೆಲ್ ಅಂದರೆ, ಅವನ್ನು ಹಾಕುವವರು ಯಾರು? ನಮ್ಮ ಮನೆಯದು ಅಲ್ಯುಮಿನಿಯಂ ತಗಡು, ಗ್ಯಾರೇಜಿನ ಗೋಡೆಗೆ ಒರಗಿಸಿಟ್ಟಿರುತ್ತೇವೆ. ಪ್ರತಿಯೊಂದರ ಮೇಲೂ ಮಾರ್ಕರ್‌ನಲ್ಲಿ "ಹಾಲ್ ಎಡ", "ರೂಮು ಬಲ" ಎಂದು ಬರೆದಿದೆ. ಅಂಚು ಬ್ಲೇಡಿನಷ್ಟು ಹರಿತ, ದಪ್ಪ ಕೈಗವಸು ಬೇಕೇಬೇಕು. ಉಪ್ಪುಗಾಳಿಗೆ ನಟ್ಟುಗಳು ತುಕ್ಕು ಹಿಡಿದು ಬೋಲ್ಟಿಗೆ ಅಂಟಿಕೊಂಡಿರುತ್ತವೆ, ಜೂನ್‌ನಲ್ಲೇ ಎಣ್ಣೆ ಬಿಟ್ಟು ತಿರುಗಿಸಿ ನೋಡಿ. ಗಾಜಿನ ಮೇಲೆ ಟೇಪು ಅಂಟಿಸುವುದು ವ್ಯರ್ಥ. ಗಾಜು ಒಡೆಯದಂತೆ ಅದು ತಡೆಯುವುದಿಲ್ಲ, ಒಡೆದಾಗ ದೊಡ್ಡ ದೊಡ್ಡ ಚೂರಾಗಿ ಬೀಳುತ್ತದೆ ಅಷ್ಟೆ. ಮನೆಯ ದುರ್ಬಲ ಜಾಗ ಕಿಟಕಿಗಿಂತ ಗ್ಯಾರೇಜ್ ಬಾಗಿಲು. ಮಿಲ್ಟನ್ ರಾತ್ರಿ ನಮ್ಮ ಬಾಗಿಲು ಉಸಿರಾಡುವ ಹಾಗೆ ಒಳಕ್ಕೂ ಹೊರಕ್ಕೂ ಉಬ್ಬುತ್ತಿತ್ತು. ಅದು ಕಿತ್ತುಬಂದರೆ ಒಳಗೆ ನುಗ್ಗಿದ ಗಾಳಿ ಸೂರನ್ನೇ ಎತ್ತುತ್ತದೆ. ಗಾಳಿ ತಾಳುವ ಬಾಗಿಲೋ, ಕಟ್ಟಲು ಅಡ್ಡಪಟ್ಟಿ ಇದೆಯೋ ಕೇಳಿ. ಪ್ಯಾಟಿಯೋದಲ್ಲಿರುವ ಕುರ್ಚಿ, ಸೈಕಲ್, ತುಳಸಿ ಕುಂಡ ಎಲ್ಲ ಒಳಗೆ ಬರಲಿ. ಗ್ರಿಲ್ಲಿನ ಗ್ಯಾಸ್ ಸಿಲಿಂಡರ್ ಮಾತ್ರ ಒಳಗೆ ತರಬಾರದು, ಹೊರಗೇ ಬಿಗಿಯಾಗಿ ಕಟ್ಟಿ.

ನೀರು ತಲಾ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರಿಗೆ ಸ್ವಲ್ಪ ಕಮ್ಮಿ. ಒಂದು ವಾರಕ್ಕಾಗುವಷ್ಟು ಇಟ್ಟುಕೊಳ್ಳಿ, ಜುಲೈನಿಂದ ಪ್ರತಿ ಸಲ ಅಂಗಡಿಗೆ ಹೋದಾಗ ಒಂದೊಂದು ಕೇಸ್ ತಂದರೆ ಭಾರ ಗೊತ್ತಾಗುವುದಿಲ್ಲ. ಬಿರುಗಾಳಿಗೆ ಹೆಸರು ಬಿದ್ದ ಮೇಲೆ ಅಂಗಡಿಯಲ್ಲಿ ಮೊದಲು ಖಾಲಿಯಾಗುವುದೇ ನೀರಿನ ಸಾಲು. ಟಬ್ ತುಂಬಿಸಿಡುವುದು ಟಾಯ್ಲೆಟ್‌ಗೆ. ಊಟದ ವಿಷಯದಲ್ಲಿ ನಾವು ಪುಣ್ಯವಂತರು. ಇಲ್ಲಿನ ಸ್ಟೋವ್ ಹೆಚ್ಚಿನ ಕಡೆ ಕರೆಂಟಿನದು, ಕರೆಂಟ್ ಹೋದರೆ ಒಲೆ ತಣ್ಣಗೆ. ಅಕ್ಕಪಕ್ಕದವರು ಡಬ್ಬಿ ಬೀನ್ಸ್ ತಿನ್ನುವಾಗ ನಮ್ಮ ಮನೆಯಲ್ಲಿ ತೆಳು ಅವಲಕ್ಕಿಗೆ ಚಟ್ನಿಪುಡಿ, ಕೊಬ್ಬರಿ ಎಣ್ಣೆ ಕಲಸಿಕೊಂಡು ತಿಂದೆವು. ಗೊಜ್ಜವಲಕ್ಕಿ ಪುಡಿ, ಹುರಿಗಡಲೆ, ಕಡಲೆಪುರಿ, ಕೋಡುಬಳೆ, ಟೆಟ್ರಾಪ್ಯಾಕ್ ಹಾಲು, ಬಾಳೆಹಣ್ಣು ಇದ್ದರೆ ಮಕ್ಕಳೂ ಗಲಾಟೆ ಮಾಡುವುದಿಲ್ಲ. ಫ್ರಿಜ್ ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಣ್ಣಗಿರುತ್ತದೆ. ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೆ ಒಂದು ನಾಣ್ಯ ಇಟ್ಟಿರಿ. ವಾಪಸ್ ಬಂದಾಗ ನಾಣ್ಯ ತಳದಲ್ಲಿದ್ದರೆ ಫ್ರೀಜರಿನದ್ದೆಲ್ಲ ಕಸಕ್ಕೆ. ಇಡ್ಲಿ ಹಿಟ್ಟಿನ ಮೇಲೆ ಮಮಕಾರ ಬೇಡ.

ಜನರೇಟರ್ ಬಾಡಿಗೆ ಮನೆಯವರಿಗೆ ನಾನು ಹೇಳುವುದಿಲ್ಲ. ಗ್ಯಾರೇಜಿನೊಳಗೆ ಓಡಿಸಿ ಕಾರ್ಬನ್ ಮಾನಾಕ್ಸೈಡ್‌ಗೆ ಸಾಯುವವರು ಪ್ರತಿ ದೊಡ್ಡ ಹರಿಕೇನ್ ನಂತರವೂ ಇರುತ್ತಾರೆ. ಇಟ್ಟರೆ ಮನೆಯಿಂದ ಕನಿಷ್ಠ 20 ಅಡಿ ದೂರ. ಪವರ್‌ಬ್ಯಾಂಕ್, ಬ್ಯಾಟರಿ ಫ್ಯಾನ್, ಟಾರ್ಚ್, ಒಂದಿಷ್ಟು ನಗದು ಸಾಕು. ಎಲೆಕ್ಟ್ರಿಕ್ ಕಾರಿದ್ದರೆ ಉಪ್ಪುನೀರು ಬರಬಹುದಾದ ಗ್ಯಾರೇಜಿನಲ್ಲಿ ಬಿಡಬೇಡಿ, ಬ್ಯಾಟರಿ ಹೊತ್ತಿಕೊಳ್ಳಬಹುದು.

ಮಾವನವರ ವಿಷಯಕ್ಕೆ ಬರುತ್ತೇನೆ. ಎಮರ್ಜೆನ್ಸಿ ಘೋಷಣೆಯಾದಾಗ ಹಳೆಯ ಮಾತ್ರೆ ಮುಗಿಯದಿದ್ದರೂ 30 ದಿನದ ಔಷಧಿ ಮುಂಗಡ ಪಡೆಯಲು ಫ್ಲೋರಿಡಾ ಕಾನೂನಿನಲ್ಲಿ ಅವಕಾಶವಿದೆ. ಆದರೆ ಬೆಂಗಳೂರಿನ ಡಾಕ್ಟರ ಚೀಟಿ ಇಲ್ಲಿನ ಫಾರ್ಮಸಿಯಲ್ಲಿ ನಡೆಯದು. ವಾಪಸಾಗುವ ದಿನಾಂಕಕ್ಕಿಂತ ಒಂದು ತಿಂಗಳ ಔಷಧಿ ಹೆಚ್ಚಿಗೆ ತರಲಿ, ಚೀಟಿಯಲ್ಲಿ ಔಷಧದ ಜೆನೆರಿಕ್ ಹೆಸರು ಇರಲಿ. ಇನ್ಸುಲಿನ್‌ಗೆ ಚಿಕ್ಕ ಐಸ್ ಬಾಕ್ಸ್ ಬೇಕು, ಬಟ್ಟೆ ಸುತ್ತಿಡಿ, ಐಸ್‌ಗೆ ನೇರ ತಾಗಿ ಹೆಪ್ಪುಗಟ್ಟಿದರೆ ಅದು ಕೆಟ್ಟ ಹಾಗೆಯೇ. ಗಾಳಿ ನಿಂತ ಮೇಲಿನ ಸೆಕೆಯೇ ವಯಸ್ಸಾದವರಿಗೆ ಹೆಚ್ಚು ಅಪಾಯ. 2017ರ ಇರ್ಮಾ ನಂತರ ಫ್ಲೋರಿಡಾದ ಹಾಲಿವುಡ್ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಎಸಿ ನಿಂತು ಹನ್ನೆರಡು ವೃದ್ಧರು ಸತ್ತರು. ಎರಡನೇ ದಿನಕ್ಕೂ ಕರೆಂಟ್ ಬರದಿದ್ದರೆ ಮಾವನವರನ್ನು ಎಸಿ ಇರುವ ಸ್ನೇಹಿತರ ಮನೆಗೆ ಕರೆದುಕೊಂಡು ಹೋಗಿ, "ಪರವಾಗಿಲ್ಲ ಕಣಪ್ಪ" ಎಂದರೂ ಕೇಳಬೇಡಿ. ನಿಂತ ನೀರಿನಲ್ಲಿ ಬರಿಗಾಲಲ್ಲಿ ಓಡಾಡಲು ಬಿಡಬೇಡಿ. ತುಂಡಾದ ಕರೆಂಟ್ ತಂತಿಯ ಭಯ ಒಂದು ಕಡೆ. ಕಾಲಿನ ಗಾಯದಿಂದ ಒಳಹೊಕ್ಕು ಮಾಂಸ ಕೊಳೆಸುವ ವಿಬ್ರಿಯೋ ಎಂಬ ಬ್ಯಾಕ್ಟೀರಿಯಾ ಇನ್ನೊಂದು ಕಡೆ, ಇಯಾನ್, ಹೆಲೀನ್ ಎರಡರ ನಂತರವೂ ಅದರ ಕೇಸುಗಳು ಏರಿದ್ದವು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಇದು ಹುಡುಗಾಟವಲ್ಲ.

ಬಿರುಗಾಳಿ ಎತ್ತ ಹೊರಟಿದೆ ಎಂಬ ಸುದ್ದಿಗೆ ನ್ಯಾಷನಲ್ ಹರಿಕೇನ್ ಸೆಂಟರ್ ಒಂದನ್ನೇ ನೋಡಿ. ಬೆಳಿಗ್ಗೆ 5, 11, ಸಂಜೆ 5, ರಾತ್ರಿ 11ಕ್ಕೆ ಪ್ರಕಟಣೆ ಬರುತ್ತದೆ, ನಡುವೆ ಯೂಟ್ಯೂಬ್ ನೋಡುತ್ತ ಕೂರಬೇಡಿ. ವಾಚ್ ಅಂದರೆ ಸುಮಾರು 48 ಗಂಟೆ, ವಾರ್ನಿಂಗ್ ಅಂದರೆ 36 ಗಂಟೆ ಕೈಯಲ್ಲಿದೆ. ನಕ್ಷೆಯಲ್ಲಿ ಕಾಣುವ ಕೋನ್ ಬಿರುಗಾಳಿಯ ಗಾತ್ರವಲ್ಲ, ಅದರ ಕಣ್ಣು ಎಲ್ಲಿ ಹಾದುಹೋಗಬಹುದು ಎಂಬ ಅಂದಾಜು. ಮೂರರಲ್ಲಿ ಒಂದು ಸಲ ಕಣ್ಣು ಅದರಾಚೆಗೂ ಹೋಗುತ್ತದೆ. 2022ರಲ್ಲಿ ಇಯಾನ್ ನಮ್ಮ ಮೇಲೆಯೇ ಎಂದಿದ್ದರು, ಅದು ನಮಗಿಂತ ದಕ್ಷಿಣದಲ್ಲೇ ಪೂರ್ವಕ್ಕೆ ಹೊರಳಿ ಫೋರ್ಟ್ ಮೈಯರ್ಸ್ ಕಡಲತೀರವನ್ನು ನುಂಗಿತು. 2024ರ ಅಕ್ಟೋಬರ್‌ನಲ್ಲಿ ಗಂಟೆಗೆ 180 ಮೈಲಿಯವರೆಗೆ ಬೆಳೆದಿದ್ದ ಮಿಲ್ಟನ್ ಸಾಕಷ್ಟು ಕುಗ್ಗಿ, 9ರ ರಾತ್ರಿ ಸಿಯೆಸ್ಟಾ ಕೀಯಲ್ಲಿ ದಡ ಮುಟ್ಟಿತು. ಆ ಸ್ವಲ್ಪ ದಕ್ಷಿಣದ ವ್ಯತ್ಯಾಸದಿಂದ ಟ್ಯಾಂಪಾ ಕೊಲ್ಲಿಗೆ ಕಡಲು ನುಗ್ಗುವ ಬದಲು ನೀರು ಆಚೆ ಎಳೆದುಕೊಂಡು ಹೋಯಿತು. ಆದರೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚಿಗೂ ಮೀರಿ ಮಳೆ ಸುರಿಯಿತು, ಝೋನಿನ ಹೊರಗಿನ ಬಡಾವಣೆಗಳಲ್ಲೂ ನೀರು ನಿಂತಿತು. ದೂರದ ಪೂರ್ವ ಕರಾವಳಿಯ ಸೇಂಟ್ ಲೂಸಿ ಕೌಂಟಿಯಲ್ಲಿ ಅದರ ಸುಂಟರಗಾಳಿಗೆ ಆರು ಜನ ಸತ್ತರು. ಆಗ ನವರಾತ್ರಿ, ಗೊಂಬೆ ಕೂರಿಸಿದ್ದವರು ಪಟ್ಟದ ಗೊಂಬೆಗಳನ್ನು ಸೀರೆಯಲ್ಲಿ ಸುತ್ತಿ ಪಾಸ್‌ಪೋರ್ಟ್ ಬ್ಯಾಗಿನ ಪಕ್ಕ ಇಟ್ಟಿದ್ದರು. ಬೀದಿ ಬದಿಯಲ್ಲಿ ಹೆಲೀನ್ ನೆನೆಸಿದ ಸೋಫಾ, ಗೋಡೆ ಹಲಗೆಗಳ ರಾಶಿ ಇನ್ನೂ ಎತ್ತಿರಲಿಲ್ಲ, ಅವೇ ಹಾರಿಬರುತ್ತವೆ ಎಂಬ ಹೆದರಿಕೆ ಬೇರೆ.

ಮನೆಯಲ್ಲೇ ಉಳಿದರೆ ಕಿಟಕಿಯಿಲ್ಲದ ಒಳಕೋಣೆ ಒಂದನ್ನು ಗುರುತು ಮಾಡಿ, ನಮ್ಮದು ಬಟ್ಟೆಯ ಕ್ಲಾಸೆಟ್. ಮಗಳಿಗೆ ಶೂ ಹಾಕಿಸಿಯೇ ಮಲಗಿಸಿ, ಸೈಕಲ್ ಹೆಲ್ಮೆಟ್ ಹತ್ತಿರವಿರಲಿ. ಗಾಳಿ ಏಕಾಏಕಿ ನಿಂತು ಆಕಾಶ ತಿಳಿಯಾದರೆ ಹೊರಗೆ ಹೋಗಬೇಡಿ, ಅದು ನಡುಗಣ್ಣು, ಗಾಳಿ ಮತ್ತೆ ಎದುರು ದಿಕ್ಕಿನಿಂದ ಬರುತ್ತದೆ. ಊರಿನವರಿಗೆ ಸುದ್ದಿ ಮುಟ್ಟಿಸಲು ಒಬ್ಬರನ್ನು ನೇಮಿಸಿ, ನೀವು ಅವರಿಗೆ ಎಸ್‌ಎಂಎಸ್ ಕಳಿಸಿದರೆ ಮಿಕ್ಕವರಿಗೆ ಅವರು ಹೇಳಲಿ. ಕರೆ ಹೋಗದಿದ್ದಾಗಲೂ ಎಸ್‌ಎಂಎಸ್ ಹೋಗುವುದುಂಟು.

ಅತ್ತೆ-ಮಾವನವರ ಟಿಕೆಟ್ ಇನ್ನೂ ಬುಕ್ ಆಗಿಲ್ಲದಿದ್ದರೆ, ನನ್ನನ್ನು ಕೇಳಿದರೆ ಡಿಸೆಂಬರ್‌ಗೆ ತಳ್ಳಿ. ಸೆಕೆಯೂ ಇರುವುದಿಲ್ಲ, ಸೀಸನ್ನೂ ಮುಗಿದಿರುತ್ತದೆ. ಆಗಸ್ಟ್‌ಗೇ ಬರಬೇಕೆಂದಿದ್ದರೆ ದಿನಾಂಕ ಬದಲಿಸಲು ಆಗುವ ಟಿಕೆಟ್ ತೆಗೆದುಕೊಳ್ಳಿ, ಟ್ರಾವೆಲ್ ಇನ್ಶೂರೆನ್ಸನ್ನು ಟಿಕೆಟ್ಟಿನ ಜೊತೆಗೇ ಮಾಡಿಸಿ. ಬಿರುಗಾಳಿಗೆ ಹೆಸರಿಟ್ಟ ಮೇಲೆ ಮಾಡಿಸಿದ ಪಾಲಿಸಿ ಆ ಬಿರುಗಾಳಿಗೆ ಲೆಕ್ಕಕ್ಕೆ ಬರುವುದಿಲ್ಲ.